ನಮ್ಮ ಪತ್ರಿಕೆಯ ಗಾಥಿಕ್ ಹೆಸರು

ನಮ್ಮ ಮಾಲೀಕರು ಒಮ್ಮೆ ಪುಣೆಗೆ ಹೋಗಿ ಬಂದವರು ಅಲ್ಲಿಯ ಒಂದು ಇಂಗ್ಲಿಷ್ ದಿನಪತ್ರಿಕೆಯನ್ನು ಮಡಿಕೆ ಕೆಡದ ಹಾಗೆ ತಂದು ನನ್ನ ಮೇಜಿನ ಮೇಲಿಟ್ಟರು. ಸುದ್ದಿ ತೋರಿಸಲು ತಂದದ್ದಲ್ಲ, ಮೊದಲ ಪುಟದ ನೆತ್ತಿಯ ಮೇಲಿದ್ದ ಹೆಸರನ್ನು ತೋರಿಸಲು. ದಪ್ಪ ಕಪ್ಪು ಗೀಟುಗಳು, ಪ್ರತಿ ಗೀಟಿನ ತುದಿಗೂ ಮೊನೆ, ಎಲ್ಲಿಯೂ ದುಂಡು ಇಲ್ಲ. ಯುರೋಪಿನ ಹಳೆಯ ಮಠಗಳಲ್ಲಿ ಧರ್ಮಗ್ರಂಥ ನಕಲು ಮಾಡುತ್ತಿದ್ದವರ ಕೈಯಿಂದ ಇಳಿದು ಬಂದ ಈ ಬರವಣಿಗೆಗೆ ಗಾಥಿಕ್ ಎನ್ನುತ್ತಾರೆ, ಬ್ಲ್ಯಾಕ್‌ಲೆಟರ್ ಎಂದೂ ಹೇಳುತ್ತಾರೆ.

"ನಮ್ಮ ಹೆಸರು ಈ ನಮೂನಿ ಬರಬೇಕ್ರಿ. ಕನ್ನಡದಾಗ. ನೋಡಿದವ ನೂರು ವರ್ಷದ ಪೇಪರ್ ಅನಬೇಕು," ಎಂದರು.

ನಮ್ಮದು ಗೋಕಾಕದಿಂದ ಹೊರಡುವ ಸಣ್ಣ ದಿನಪತ್ರಿಕೆ. ಗೋಕಾಕ, ಮೂಡಲಗಿ, ಹುಕ್ಕೇರಿ ಬಿಟ್ಟರೆ ನಮ್ಮನ್ನು ಕೇಳುವವರಿಲ್ಲ. ನಾನು ಅಲ್ಲಿ ಸುದ್ದಿ ತಿದ್ದುವ ಕೆಲಸದಲ್ಲಿದ್ದೆ. ಮಾಲೀಕರು ಅಡತಿ ವ್ಯಾಪಾರದ ಮನೆತನದವರು. ಪೂಜೆಯಾಗದೆ ನೀರು ಮುಟ್ಟುವವರಲ್ಲ, ಕೆಲಸದವರ ಊಟ ಆಯಿತೇ ಎಂದು ಕೇಳದೆ ತಾವು ಡಬ್ಬಿ ಬಿಚ್ಚುವವರೂ ಅಲ್ಲ. ಇದನ್ನು ಮೊದಲೇ ಹೇಳುತ್ತೇನೆ. ಮುಂದೆ ನಡೆದದ್ದನ್ನು ಒಬ್ಬ ಕೆಟ್ಟ ಮನುಷ್ಯನ ಕೆಲಸ ಎಂದು ಓದಿಬಿಡುವುದು ಸುಲಭ. ಹಾಗಿರಲಿಲ್ಲ.

ಗಾಥಿಕ್ ಅಕ್ಷರ ನಮ್ಮ ಕಡೆಗೆ ಹೊಸದೇನೂ ಅಲ್ಲ. ಬುಲೆಟ್ ಗಾಡಿಯ ಟ್ಯಾಂಕಿನ ಮೇಲೆ, ಸಲೂನಿನ ಗಾಜಿನ ಮೇಲೆ, ಜಿಮ್‌ಗೆ ಹೋಗುವ ಹುಡುಗರ ತೋಳಿನ ಹಚ್ಚೆಯಲ್ಲಿ ಅದು ಇದೆ. ಕಬ್ಬಿನ ಟ್ರ್ಯಾಕ್ಟರುಗಳ ಮೂತಿಯ ಮೇಲೆ ರೇಡಿಯಂ ಅಂಗಡಿಯವರು ಅದನ್ನೇ ಕತ್ತರಿಸಿ ಅಂಟಿಸುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನೇ ಸಾಲಾಗಿ ಜೋಡಿಸಿರುವುದರಿಂದ ಯಾರಿಗೂ ಓದಲು ಬರುವುದಿಲ್ಲ, ಗಾಡಿಯ ಯಜಮಾನನಿಗೂ. ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಅದು ಓದಿಸುವ ಅಕ್ಷರವಲ್ಲ, ಧಿಮಾಕಿನ ಅಕ್ಷರ. ಆದರೆ ಪತ್ರಿಕೆಯ ಹೆಸರನ್ನು ಓದಬೇಕಾಗುತ್ತದೆ. ನಾನು ಇಷ್ಟನ್ನು ಹೇಳಿದೆ. ಮಾಲೀಕರು, ಓದುವ ಹಾಗೆಯೇ ಮಾಡೋಣ, ಅದಕ್ಕೇನಂತೆ, ಎಂದು ಪತ್ರಿಕೆಯನ್ನು ಎತ್ತಿಕೊಂಡು ಒಳಕೋಣೆಗೆ ಹೋದರು. ಅಲ್ಲಿ ನಮ್ಮ ಪುಟಗಳನ್ನು ಕಟ್ಟುವ ಹೆಣ್ಣುಮಗಳು ಕೂತಿದ್ದಳು.

ಆಕೆ ಹುಕ್ಕೇರಿಯವಳು, ಮುಸಲ್ಮಾನರ ಮನೆಯವಳು, ಮೂವತ್ತು ದಾಟಿದವಳು. ದಿನಾ ಘಟಪ್ರಭಾ ಮೇಲೆ ಹಾದು ಬರುವ ಬಸ್ಸಿಗೆ ಬಂದು, ಪುಟಗಳು ಮುಗಿಯುವ ಹೊತ್ತಿಗೆ ಸರಿಯಾಗಿ ಚೀಲ ಹೆಗಲಿಗೇರಿಸುತ್ತಿದ್ದಳು. ಸುದ್ದಿ ಉದ್ದವಾದರೆ ನಾನು ಕತ್ತರಿಸುವ ಮೊದಲು ಆಕೆಯೇ ಯಾವ ಸಾಲು ಬೇಡ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಹೆಚ್ಚಿನ ಸಲ ಅದು ಸರಿಯಿರುತ್ತಿತ್ತು. ಅವಳ ತಂದೆ ಹುಕ್ಕೇರಿಯಲ್ಲಿ ಉರ್ದು ಲಗ್ನಪತ್ರಿಕೆಗಳನ್ನು ಕೈಯಲ್ಲಿ ಬರೆಯುತ್ತಿದ್ದವರು. ಅವರು ಬರೆದುಕೊಟ್ಟದ್ದನ್ನು ಪ್ರೆಸ್ಸಿನವರು ಅಚ್ಚು ಮಾಡಿ, ಕೆಳಗೆ ಪ್ರೆಸ್ಸಿನ ಹೆಸರು ಹಾಕಿಕೊಳ್ಳುತ್ತಿದ್ದರು. ಬರೆದವನ ಹೆಸರು ಯಾವ ಲಗ್ನಪತ್ರಿಕೆಯಲ್ಲೂ ಇಲ್ಲ.

ಮಾಲೀಕರು ಕೆಲಸ ಹೇಳಿದಾಗ ಆಕೆ ಸಂಬಳದ ಮಾತೆತ್ತಲಿಲ್ಲ.

"ಸಾಹುಕಾರ್ರ, ಅಕ್ಷರ ನಿಮ್ಮ ಮನಸ್ಸಿಗೆ ಬಂದ್ರ ಕೊನೀ ಪುಟದಾಗ ತಳಕ್ಕ ನನ್ನ ಹೆಸರು ಹಾಕ್ರಿ. ವಿನ್ಯಾಸ ಅಂತ ಬರದು."

ಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಸಂಪಾದಕ, ಮುದ್ರಕ, ಪ್ರಕಾಶಕ ಎಂದು ಒಂದು ಸಾಲು ಇರುತ್ತದೆ. ಕಾನೂನಿಗಾಗಿ ಇರುವ ಸಾಲು. ನಮ್ಮಲ್ಲಿ ಅದರ ಕೆಳಗೆ ಪ್ರಸಾರ ವಿಭಾಗದವರ ಹೆಸರೂ ಇತ್ತು. ಪುಟ ಕಟ್ಟಿದವರ ಹೆಸರು ಎಂದೂ ಇರಲಿಲ್ಲ, ಯಾರೂ ಕೇಳಿರಲಿಲ್ಲ.

"ಇಷ್ಟ ಏನವಾ?" ಎಂದು ಮಾಲೀಕರು ನಕ್ಕರು. "ಹಾಕೂಣು ತಗೋ."

ಆಕೆ ಮೊದಲು ಕಂಪ್ಯೂಟರಿನಲ್ಲೇ ಪ್ರಯತ್ನಿಸಿದಳು. ಇಂಗ್ಲಿಷಿಗೆ ಗಾಥಿಕ್ ಫಾಂಟು ಬೇಕಾದಷ್ಟಿವೆ, ಕನ್ನಡಕ್ಕೆ ನಮಗೆ ಒಂದೂ ಸಿಗಲಿಲ್ಲ. ದಪ್ಪ ಕನ್ನಡ ಅಕ್ಷರವನ್ನು ತೆಗೆದುಕೊಂಡು ಅದರ ದುಂಡನ್ನೆಲ್ಲ ಕತ್ತರಿಸಿ ಮೂಲೆ ಮಾಡಿದಳು. ನೋಡಲು ಕುಡುಗೋಲಿನಿಂದ ಕೊಚ್ಚಿದ ಹಾಗಿತ್ತು. ಅಳಿಸಿದಳು. ಗಾಥಿಕ್ ಅಕ್ಷರದ ಮೊನೆಯನ್ನು ಯಾರೂ ಆಮೇಲೆ ಕೆತ್ತಿ ಮಾಡಿದ್ದಲ್ಲ, ಚಪ್ಪಟೆ ತುದಿಯ ಲೇಖನಿಯನ್ನು ಓರೆಯಾಗಿ ಹಿಡಿದರೆ ಅದು ತಾನಾಗಿಯೇ ಬರುತ್ತದೆ ಎಂಬುದು ಅವಳ ವಾದ. ಕೆಳಗೆ ಎಳೆದರೆ ದಪ್ಪ, ಪಕ್ಕಕ್ಕೆ ಜಾರಿಸಿದರೆ ಕೂದಲಿನಷ್ಟು ತೆಳು. ಅಂಥ ಲೇಖನಿ ಅವಳ ಮನೆಯಲ್ಲೇ ಇತ್ತು.

ಆ ದಿನಗಳಲ್ಲಿ ತಾಲ್ಲೂಕು ಸಭೆಯ ವರದಿಗೆಂದು ಹುಕ್ಕೇರಿಗೆ ಹೋದವನು ಅವಳ ಮನೆಗೂ ಹೋಗಿ ಬಂದೆ. ಅವಳ ತಂದೆ ಒಂದು ಬಿಸ್ಕತ್ತಿನ ಡಬ್ಬಿ ತೆರೆದು ತಮ್ಮ ಬೆತ್ತದ ಲೇಖನಿಗಳನ್ನು ತೋರಿಸಿದರು. ಕಂಪ್ಯೂಟರಿನಲ್ಲಿ ಉರ್ದು ಬಂದ ಮೇಲೆ ಅವುಗಳಿಗೆ ಕೆಲಸವಿಲ್ಲ. ಮಗಳು ಒಂದನ್ನು ಆರಿಸಿ, ತುದಿಯನ್ನು ಕನ್ನಡದ ಓರೆಗೆ ಹೊಂದುವ ಹಾಗೆ ಹೊಸದಾಗಿ ಕತ್ತರಿಸಿಕೊಂಡಿದ್ದಳು. ಉರ್ದು ಬರೆಯುವ ತುದಿಯಿಂದ ಎಡದಿಂದ ಬಲಕ್ಕೆ ಬರೆದರೆ ದಪ್ಪ ಬರಬೇಕಾದಲ್ಲಿ ತೆಳು ಬರುತ್ತದಂತೆ. ಚಹಾ ಕುಡಿಯುತ್ತ ನಾನು ಆಕೆ ಬರೆಯುವುದನ್ನು ನೋಡಿದೆ. ಕನ್ನಡದ ಅಕ್ಷರವೆಂದರೆ ಹೊಟ್ಟೆ. ಗಾಥಿಕ್‌ಗೆ ಹೊಟ್ಟೆಯೇ ಇಲ್ಲ. ಆಕೆ ದಕಾರದ ದುಂಡನ್ನು ಮುರಿದು, ಒಂದರ ಮೊನೆಗೆ ಇನ್ನೊಂದರ ಮೊನೆ ತಾಗುವಂತೆ ನೆಟ್ಟಗಿನ ಗೀಟುಗಳಾಗಿ ನಿಲ್ಲಿಸಿದಳು. ತಲೆಕಟ್ಟು ಶಂಕರಪೋಳಿಯ ಹಾಗೆ ನಾಲ್ಕು ಮೂಲೆಯ ಒಂದು ಚುಕ್ಕೆಯಾಗಿ ನೆತ್ತಿಯ ಮೇಲೆ ಕೂತಿತು. ಒತ್ತಕ್ಷರ ಮಾತ್ರ ಎಷ್ಟು ಹೊತ್ತಾದರೂ ಒಗ್ಗಲಿಲ್ಲ, ಅಕ್ಷರದ ಕೆಳಗೆ ಹೊಲಿಗೆ ಬಿಚ್ಚಿದ ಕಿಸೆಯ ಹಾಗೆ ಜೋಲುತ್ತಿತ್ತು. ಅಂದು ಅದನ್ನು ಬಿಟ್ಟು ಎದ್ದಳು. ಮರುವಾರ ಆಕೆ ಕಚೇರಿಗೆ ತಂದ ಹಾಳೆಯಲ್ಲಿ ಅದೂ ಸರಿಯಾಗಿತ್ತು. ಹೇಗೆ ಸರಿಮಾಡಿದಳೋ ನನಗೆ ತಿಳಿಯದು.

ಓದಲು ಬರುತ್ತದೆಯೇ ಎಂದು ನೋಡುವುದಕ್ಕೆ ಆಕೆ ಆ ಹೆಸರಿನ ಒಂದು ಪುಟವನ್ನು ಅಚ್ಚು ಹಾಕಿಸಿಕೊಂಡು ಗೋಕಾಕ ಬಸ್‌ಸ್ಟ್ಯಾಂಡಿನ ಪತ್ರಿಕೆ ಅಂಗಡಿಗೆ ಹೋದಳು. ಅಂಗಡಿಯವನ ದಾರಕ್ಕೆ, ಉಳಿದ ಪತ್ರಿಕೆಗಳ ನಡುವೆ ಕ್ಲಿಪ್ಪು ಹಾಕಿ ತೂಗಿಸಿ, ಬಸ್ಸು ಹತ್ತುವವರು ನಿಲ್ಲುವ ಜಾಗದಲ್ಲಿ ನಿಂತು ನೋಡಿದಳು. ಮರಳಿ ಬಂದು ಗೀಟುಗಳ ನಡುವಿನ ಬಿಳಿಯನ್ನು ಹಿಗ್ಗಿಸಿದಳು. ಕಪ್ಪು ಎಷ್ಟು ದಪ್ಪವೋ ಬಿಳಿಯೂ ಅಷ್ಟೇ ಇರದಿದ್ದರೆ ಗಾಥಿಕ್ ದೂರಕ್ಕೆ ಬೇಲಿಯ ಹಾಗೆ ಕಾಣುತ್ತದೆ. ಹೆಸರು ಇಷ್ಟು ಗಡಸಾದ ಮೇಲೆ ಕೆಳಗಿನ ಪುಟ ಹಗುರವಿರಬೇಕೆಂದು ತಲೆಬರಹಗಳಿಗೆ ಸಾದಾ ಅಕ್ಷರ ಹಾಕಿ, ಬಣ್ಣದ ಚೌಕಟ್ಟುಗಳನ್ನೆಲ್ಲ ಕಿತ್ತಳು. ನಮ್ಮ ಪತ್ರಿಕೆ ಮೊದಲ ಸಲ ತಲೆ ಬಾಚಿಕೊಂಡ ಹಾಗೆ ಕಂಡಿತು.

ದೀಪಾವಳಿ ಪಾಡ್ಯದ ವಿಶೇಷ ಸಂಚಿಕೆಗೆ ಹೆಸರು ಹೊಸ ಅಕ್ಷರದಲ್ಲಿ ಬಂತು. ಮುದ್ರಣ ಯಂತ್ರಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಮೊದಲ ಪ್ರತಿಯನ್ನು ಅದರ ಮುಂದಿಟ್ಟು ಕುಂಕುಮ ಹಚ್ಚಿದರು. ಕೊನೆಯ ಪುಟದ ತಳದಲ್ಲಿ, ಪ್ರಸಾರ ವಿಭಾಗದವರ ಕೆಳಗೆ, ವಿನ್ಯಾಸ ಎಂದು ಆಕೆಯ ಹೆಸರಿತ್ತು. ಕರಡು ತಿದ್ದಿದವನು ನಾನೇ. ಆಕೆ ಆ ಪುಟವನ್ನು ತೆರೆದು ನೋಡಿದ್ದನ್ನು ನಾನು ಕಾಣಲಿಲ್ಲ, ಆದರೆ ಸಂಜೆ ಹೋಗುವಾಗ ಚೀಲದಲ್ಲಿ ಪತ್ರಿಕೆಯ ಕಟ್ಟು ಇತ್ತು. ನೆಂಟರಿಗೆ ಎಂದಳು.

ಹೊಗಳಿಕೆ ಅಂದೇ ಶುರುವಾಯಿತು. ಪಾಡ್ಯದ ಪೂಜೆಗೆ ಅಂಗಡಿ ಅಂಗಡಿಗೆ ಹೋದ ಮಾಲೀಕರಿಗೆ ವ್ಯಾಪಾರಿಗಳು ಹಬ್ಬದ ಫರಾಳದ ತಟ್ಟೆಯ ಜೊತೆಗೇ ಶಹಬ್ಬಾಸ್‌ಗಿರಿ ಕೊಟ್ಟರು. ಭಾಳ ರಾಯಲ್ ಕಾಣತೈತಿ ಎಂಬುದು ಹೆಚ್ಚಾಗಿ ಕೇಳಿಬಂದ ಮಾತು. ಅಂಕಲಗಿಯ ನಿವೃತ್ತ ಮಾಸ್ತರರೊಬ್ಬರು ಕಚೇರಿಗೆ ಫೋನ್ ಮಾಡಿದರು. ನಮ್ಮ ಪ್ರತಿ ತಪ್ಪನ್ನೂ ಹಿಡಿದು ಫೋನ್ ಮಾಡುವವರು ಅವರು. ಅಂದು ಮಾತ್ರ, ಹೆಸರು ಹಳೆಯ ಶಿಲಾಶಾಸನದ ಗಾಂಭೀರ್ಯಕ್ಕೆ ಬಂದಿದೆ, ಬರೆದವರಿಗೆ ತಿಳಿಸಿ, ಎಂದರು. ಆ ಕರೆಯನ್ನು ತೆಗೆದುಕೊಂಡವನು ನಾನು. ಆಕೆಗೆ ತಿಳಿಸಿದೆ. ಆ ಅಕ್ಷರಗಳು ಇಂಗ್ಲಿಷ್ ಪತ್ರಿಕೆಯ ಹಾಗಿವೆ ಎಂದು ಹೇಳಿದವರೂ ಇದ್ದರು. ಅವರು ಅದನ್ನು ಮೆಚ್ಚಿಕೊಂಡೇ ಹೇಳಿದರು.

ಕೊನೆಯ ಪುಟದ ತಳದ ಸಾಲನ್ನು ಓದುಗರು ಓದುವುದಿಲ್ಲ. ಓದುವವರು ಊರೂರಿಗೆ ಪತ್ರಿಕೆ ಹಂಚುವ ಏಜೆಂಟರು. ಮೂಡಲಗಿಯ ನಮ್ಮ ಏಜೆಂಟ್ ಕಟ್ಟು ಬಿಚ್ಚಿದ ಕೂಡಲೇ ಅದನ್ನು ನೋಡುತ್ತಾನೆ, ಪ್ರಸಾರ ವಿಭಾಗದಲ್ಲಿ ಯಾರಾದರೂ ಬದಲಾಗಿದ್ದಾರೆಯೇ ಎಂದು. ಕೆಲವು ದಿನಗಳ ನಂತರ ಅವನ ಅಂಗಡಿಯ ಕಟ್ಟೆಯ ಮೇಲೆ ಕೂತವರಲ್ಲಿ ಯಾರೋ ಆ ಸಾಲಿನ ಫೋಟೋ ತೆಗೆದರು. ಆಕೆಯ ಹೆಸರಿನ ಸುತ್ತ ಕೆಂಪು ಸುತ್ತು, ಮೊದಲ ಪುಟದಲ್ಲಿ ಪತ್ರಿಕೆಯ ಹೆಸರಿನ ಸುತ್ತ ಇನ್ನೊಂದು ಸುತ್ತು. ಎರಡನ್ನೂ ಜೋಡಿಸಿ, ಕನ್ನಡ ಪತ್ರಿಕೆಯ ಹೆಸರು ಉರ್ದುವಿನಲ್ಲಿ ಯಾಕೆ ಎಂದು ಕೆಳಗೆ ಬರೆದಿದ್ದರು. ಸಂಜೆಯ ಹೊತ್ತಿಗೆ ಅದು ನನ್ನ ಫೋನಿಗೂ ಬಂತು.

ನಡೆದ ಕ್ರಮವನ್ನು ಹಾಗೆಯೇ ಬರೆದಿಡುತ್ತೇನೆ. ಮೊದಲು ಅಕ್ಷರವನ್ನು ನೋಡಿದರು, ಮೆಚ್ಚಿದರು. ಆಮೇಲೆ ಹೆಸರನ್ನು ಓದಿದರು. ಉರ್ದು ಕಾಣಿಸಿದ್ದು ಅದರ ನಂತರ.

ಮಾಸ್ತರರ ಎರಡನೆಯ ಕರೆಯನ್ನೂ ನಾನೇ ತೆಗೆದುಕೊಂಡೆ. "ಖರೆ ಹೇಳ್ತೇನ್ರಿ, ನನಗ ಮೊದಲ ದಿನಾನ ಸಂಶೇ ಬಂದಿತ್ತು," ಎಂದರು. ಪಾಡ್ಯದ ದಿನ ತಾವು ಶಿಲಾಶಾಸನ ಎಂದಿದ್ದಿರಿ ಎಂದು ನೆನಪಿಸಿದೆ.

"ಅವತ್ತ ಚಾಳೀಸ ಹಾಕ್ಕೊಂಡಿದ್ದಿಲ್ರಿ," ಎಂದು ಫೋನ್ ಇಟ್ಟರು.

ಮೂಡಲಗಿಯಿಂದ ಪತ್ರಿಕೆಯ ಕಟ್ಟುಗಳು ಬಿಚ್ಚದೆ ವಾಪಸು ಬರತೊಡಗಿದಾಗ ಮಾಲೀಕರು ನನ್ನನ್ನು ಕರೆದುಕೊಂಡು ಅಲ್ಲಿಗೆ ಹೊರಟರು. ಬೆಳಗಿನ ಹೊತ್ತು. ಏಜೆಂಟನ ಅಂಗಡಿ ಚಹಾದಂಗಡಿಗೆ ಹೊಂದಿಕೊಂಡೇ ಇದೆ, ಕಟ್ಟೆಯ ಮೇಲೆ ಎಂದಿನವರೆಲ್ಲ ಇದ್ದರು. ಏಜೆಂಟ್ ನಮಗೆ ಕುರ್ಚಿ ಹಾಕಿ ಚಹಾ ತರಿಸಿದ. ಅವನ ಮುಖದಲ್ಲಿ ಹಗೆ ಇರಲಿಲ್ಲ, ಸಂಕೋಚವಿತ್ತು.

"ಅಣ್ಣಾರ, ನಾ ಏನೂ ಅನ್ನಂಗಿಲ್ರಿ. ನನಗ ಎಲ್ಲಾರೂ ಅಷ್ಟ. ಮಂದಿ ಅಂತೈತಿ."

"ಏನಂತೈತಿ?"

"ಸಾಬರ ಪೇಪರ್ ಆಗೇತಿ ಅಂತೈತಿ."

ಮಾಲೀಕರು ಬೆರಳಿನಿಂದ ತಮ್ಮ ಹಣೆಯ ವಿಭೂತಿ ತೋರಿಸಿದರು. "ಇದನ್ನ ನೋಡಿ ಹೇಳು. ನಾ ಸಾಬ ಆಗೇನಿ?" ಕಟ್ಟೆಯ ಮೇಲಿದ್ದವರು ನಕ್ಕರು. ಮಾಲೀಕರೂ ನಕ್ಕರು. ಮಾತು ದಾರಿ ತಪ್ಪಿದ್ದು ಅಲ್ಲಿಯೇ ಎಂದು ನನಗೆ ಅನಿಸಿತು. ಅಕ್ಷರ ಯಾವುದು ಎಂಬ ಪ್ರಶ್ನೆ ಮಾಲೀಕರು ಯಾರು ಎಂಬಲ್ಲಿಗೆ ಸರಿಯಿತು, ಅದಕ್ಕೆ ಅವರೇ ಉತ್ತರವನ್ನೂ ಕೊಟ್ಟುಬಿಟ್ಟರು.

ತುಕ್ಕಾನಟ್ಟಿಯಿಂದ ಸಂತೆಗೆ ಬಂದಿದ್ದ ಒಬ್ಬ ವಯಸ್ಸಾದ ರೈತ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಯಾವ ಅಕ್ಷರ ಉರ್ದು ಐತಿ, ಬಟ್ಟ ಇಟ್ಟ ತೋರಸ್ರಿ," ಎಂದ. ಏಜೆಂಟ್ ಒಂದರ ಮೇಲೆ ಬೆರಳಿಟ್ಟ, ತೆಗೆದ, ಪಕ್ಕದ್ದರ ಮೇಲಿಟ್ಟ.

"ಒಂದ ಅಕ್ಷರ ಅಲ್ರಿ ಕಾಕಾ. ಒಟ್ಟ ನೋಡಿದ್ರ ಹಂಗ ಕಾಣ್ತೈತಿ."

"ಒಟ್ಟ ನೋಡಿದ್ರ ನಮ್ಮ ಎಮ್ಮಿನೂ ಆನಿ ಕಂಡಂಗ ಕಾಣ್ತೈತಿ ತಗೋ."

ಮತ್ತೆ ನಕ್ಕರು. ರೈತ ಪತ್ರಿಕೆಯನ್ನು ಮಡಚಿ ಇಟ್ಟು ಸಂತೆಗೆ ಹೋದ. ಕೊಳ್ಳಲಿಲ್ಲ. ನಾನು ಏಜೆಂಟನಿಗೆ ವಿವರಿಸಿದೆ. ಉರ್ದು ಬಲದಿಂದ ಎಡಕ್ಕೆ ಹೋಗುವ, ಬಳ್ಳಿಯ ಹಾಗೆ ಬಾಗುವ ಬರವಣಿಗೆ. ಇದರಲ್ಲಿ ಬಾಗು ಎಂಬುದೇ ಇಲ್ಲ. ಇದು ಇಂಗ್ಲಿಷ್ ಪತ್ರಿಕೆಗಳ ಹೆಸರಿನ ಶೈಲಿ, ಅದನ್ನು ತಂದವರು ಮಾಲೀಕರೇ, ಕನ್ನಡಕ್ಕೆ ಒಗ್ಗಿಸಿದ್ದು ಮಾತ್ರ ಆಕೆ. ಅವನು ಕೊನೆಯವರೆಗೂ ಕೇಳಿದ.

"ಇಂಗ್ಲಿಷ್ ಆದ್ರ ಅಡ್ಡಿ ಇಲ್ರಿ," ಎಂದ. "ಆದ್ರ ಹಂಗಂತ ಪ್ರತಿಯೊಬ್ಬಂಗೂ ಹೇಳ್ಕೋತ ಕುಂಡ್ರಾಕ ಆಗೂದಿಲ್ರಿ ಸರ. ಆ ಹೆಸರು ಒಂದ ತಗದಬಿಡ್ರಿ. ಅಕ್ಷರಾನೂ ತಗದ್ರ ಇನ್ನೂ ಚಲೋ."

ಮರಳುವಾಗ ನಮ್ಮ ಕಾರಿನ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಇತ್ತು, ದಾಟಿ ಹೋಗಲು ಜಾಗವಿರಲಿಲ್ಲ. ಒಂದು ಸ್ಪಷ್ಟೀಕರಣ ಪ್ರಕಟಿಸೋಣ, ನಾನೇ ಬರೆದುಕೊಡುತ್ತೇನೆ ಎಂದೆ. ಸ್ಪಷ್ಟೀಕರಣ ಕೊಟ್ಟರೆ ತಪ್ಪು ಮಾಡಿದ್ದೇವೆಂದು ನಾವೇ ಒಪ್ಪಿಕೊಂಡಂತೆ ಎಂದರು. ಹಾಗಾದರೆ ಸುಮ್ಮನಿರೋಣ, ಇದು ತಾನಾಗಿಯೇ ತಣ್ಣಗಾಗುತ್ತದೆ ಎಂದೆ. ಅದಕ್ಕೂ ತಲೆಯಾಡಿಸಿದರು.

"ನೀವು ಹೇಳೂದು ಖರೆ ಐತ್ರಿ. ಆದ್ರ ಖರೇನ ಹೇಳ್ಕೋತ ಪೇಪರ್ ನಡಸಾಕ ಆಗತೈತೇನು?"

ಈ ಮಾತನ್ನು ಆಡಿದ್ದು ಒಬ್ಬ ಪತ್ರಿಕೆಯ ಮಾಲೀಕರು. ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಅವರು ಕಿಟಕಿಯ ಗಾಜು ಇಳಿಸಿ ಹೊರಗೆ ನೋಡತೊಡಗಿದರು.

ಮರುದಿನ ಒಳಕೋಣೆಗೆ ಬಂದು ಕೂತು, ಸೋಮವಾರದ ಸಂಚಿಕೆಗೆ ಹೆಸರಿನ ಅಕ್ಷರ ಬದಲಾಗಬೇಕೆಂದು ಆಕೆಗೆ ಹೇಳಿದರು. ಕಾರಣ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ಫೋಟೋ ನಮ್ಮ ಕಚೇರಿಗಿಂತ ಮೊದಲೇ ಹುಕ್ಕೇರಿಗೆ ತಲುಪಿತ್ತು. ಆಕೆ ಹಳೆಯದನ್ನೇ ಹಾಕಲೇ, ಹೊಸದು ಮಾಡಲೇ ಎಂದಷ್ಟೇ ಕೇಳಿದಳು. ಹೊಸದು, ಸಾದಾ, ದುಂಡಗಿನದು ಎಂದರು. ಎದ್ದು ಹೋಗುವವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. ಆ ಆಸೆ ಅವರನ್ನು ಇನ್ನೂ ಬಿಟ್ಟಿರಲಿಲ್ಲ.

"ಕೆಳಗ ಸಣ್ಣದಾಗಿ ಇಂಗ್ಲಿಷಿನಾಗ ನಮ್ಮ ಹೆಸರು ಹಾಕವಾ. ಅದು ಗಾಥಿಕ್‌ನಾಗ ಇರ್ಲಿ."

ಆಕೆ ಫಾಂಟುಗಳ ಪಟ್ಟಿ ತೆರೆದು ದಪ್ಪದೊಂದು ಕನ್ನಡ ಅಕ್ಷರ ಆರಿಸಿದಳು, ಕೆಳಗೆ ಇಂಗ್ಲಿಷಿನ ಗಾಥಿಕ್ ಫಾಂಟಿನಲ್ಲಿ ಹೆಸರು ಒತ್ತಿದಳು. ನಾನು ತರಿಸಿದ್ದ ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು. ನಾನು ಏನಾದರೂ ಹೇಳಬೇಕಿತ್ತು. ಮನೆಯಲ್ಲಿ ಏನಂದರು ಎಂದು ಕೇಳಿದೆ.

"ನಮ್ಮ ಅಬ್ಬಾ ನಕ್ರು ಸರ್," ಎಂದಳು. "ನಾ ಇಷ್ಟ ವರ್ಷ ಉರ್ದು ಬರದೆ, ನಮ್ಮ ಹುಡುಗೂರ ಓದಂಗಿಲ್ಲ. ನೀ ಕನ್ನಡ ಬರದಿ, ಊರಮಂದಿ ಉರ್ದು ಓದಾಕತ್ತಾರ. ನಿನ್ನ ಕೈಯಾಗ ಬರಕತ್ ಐತಿ ಅಂದ್ರು."

ಆಕೆ ನಗಲಿಲ್ಲ. ನಾನೂ ನಗಲಿಲ್ಲ.

ಸೋಮವಾರದ ಸಂಚಿಕೆ ಬಂತು. ಹೊಸ ಅಕ್ಷರ ಚೆನ್ನಾಗಿದೆ ಎಂದವರಿಲ್ಲ, ಚೆನ್ನಾಗಿಲ್ಲ ಎಂದವರೂ ಇಲ್ಲ. ಮೂಡಲಗಿಯಿಂದ ಕಟ್ಟುಗಳು ವಾಪಸು ಬರುವುದು ನಿಂತಿತು. ಇಂಗ್ಲಿಷಿನ ಗಾಥಿಕ್ ಬಗ್ಗೆ ಒಂದು ಕರೆಯೂ ಬರಲಿಲ್ಲ. ಕೊನೆಯ ಪುಟದ ತಳದಲ್ಲಿ ಆಕೆಯ ಹೆಸರಿದ್ದ ಜಾಗವನ್ನು ಖಾಲಿ ಬಿಡಲಾಗಿತ್ತು. ಖಾಲಿ ಬಿಡು ಎಂದು ಯಾರೂ ಹೇಳಿರಲಿಲ್ಲ. ಆಕೆಯೇ ತೆಗೆದಿದ್ದಳು.

ಮಾಲೀಕರ ಮನಸ್ಸಿಗೆ ಅದು ಚುಚ್ಚಿರಬೇಕು. ಎಲ್ಲವೂ ಶಾಂತವಾಯಿತೆಂದು ಖಾತ್ರಿಯಾದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ, ಒಳಕೋಣೆಯ ಬಾಗಿಲಿಗೆ ಬಂದರು. ಕೊಟ್ಟ ಮಾತಿಗೆ ತಪ್ಪುವುದು ತಮ್ಮ ಮನೆತನದಲ್ಲಿ ಇಲ್ಲ ಎಂದರು. ಹೆಸರಿನ ಮೊದಲಕ್ಷರ ಮಾತ್ರ ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಹಾಗೆ ಹಾಕಿಬಿಡೋಣ, ಹೇಗೂ ಈಗಿನ ವಿನ್ಯಾಸವೂ ಆಕೆಯದೇ ತಾನೆ, ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಪಕ್ಕದ ಮೇಜಿನಲ್ಲಿದ್ದೆ.

ಆಕೆ ಪುಟದ ಮೇಲಿನಿಂದ ಕಣ್ಣು ತೆಗೆದು ಅವರ ಕಡೆ ತಿರುಗಿದಳು.

"ಬ್ಯಾಡ್ರಿ ಸಾಹುಕಾರ್ರ. ಇದು ನಾ ಬರದದ್ದಲ್ಲರಿ. ಬರಿಯದ ಅಕ್ಷರಕ್ಕ ಯಾಕ್ರಿ ಹೆಸರು?"

"ಹಂಗಲ್ಲ ತಂಗಿ…"

"ನಾ ಬರದದ್ದು ನೀವ ಇಟ್ಕೊಳ್ಳಿಲ್ಲ. ಅದು ಹೋಗ್ಲಿ. ನನ್ನ ಹೆಸರಾದ್ರೂ ಪೂರಾ ನನ್ನ ಕಡೆ ಇರ್ಲಿ."

ಮಾಲೀಕರು ಆಗಲಿ ಎಂದು ಹೋದರು. ಅವರ ನಡಿಗೆಯಲ್ಲಿ ಭಾರ ಇಳಿಸಿದವರ ಹಗುರ ಇತ್ತು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ, ಕಣ್ಣಾರೆ ನೋಡಿದ್ದು. ಆಕೆ ನನ್ನನ್ನು ಕರೆದು, ಮೂರನೆಯ ಪುಟದ ಸುದ್ದಿ ಉದ್ದವಾಗಿದೆ, ಈ ಸಾಲು ತೆಗೆಯಲೇ ಎಂದು ಕೇಳಿದಳು. ತೆಗೆಯಿರಿ ಎಂದೆ.

ಆಕೆ ಈಗಲೂ ಅಲ್ಲಿಯೇ ಪುಟ ಕಟ್ಟುತ್ತಾಳೆ. ಕೊನೆಯ ಪುಟದ ತಳದಲ್ಲಿ ಖಾಲಿ ಉಳಿದಿದ್ದ ಆ ಸಾಲನ್ನು ಪ್ರಸಾರ ವಿಭಾಗದವರು ಬಹಳ ದಿನ ಹಾಗೆಯೇ ಬಿಡಲಿಲ್ಲ. ಜಾಹೀರಾತಿಗಾಗಿ ಕಚೇರಿಯನ್ನು ಸಂಪರ್ಕಿಸಿ ಎಂದು ಅಲ್ಲಿ ಹಾಕಿಸಿದರು. ಅದನ್ನು ಕೂರಿಸಿದವಳೂ ಆಕೆಯೇ.